‘ಪೂಲ್ ಪಾಣ್ಯಾಖಾಲಿ’ ಎಂದರೆ ಸೇತುವೆ ಖಾಲಿ ಇದೆ ಎಂದಲ್ಲ

ದಿಂಡೋರಿ-ವಣಿ ರಸ್ತೆಯ ಮಳೆಗಾಲ ಮತ್ತು ನಮ್ಮವರ ರಾತ್ರಿ ಪ್ರಯಾಣ

ನಾಸಿಕ್: ಸಂಬಂಧಿಕರ ಮಗುವಿನ ಹುಟ್ಟುಹಬ್ಬ ಮುಗಿಸಿ ನಾಸಿಕ್‌ನಿಂದ ಮನೆಗೆ ಹೊರಟಿದ್ದ ಕುಟುಂಬ ಅದು. 2025ರ ಜುಲೈ 16ರ ರಾತ್ರಿ ಹನ್ನೆರಡು ಗಂಟೆ ಸಮೀಪಿಸುತ್ತಿತ್ತು. ದಿಂಡೋರಿ-ವಣಿ ರಸ್ತೆಯಲ್ಲಿ ಅವರಿದ್ದ ಚಿಕ್ಕ ಕಾರಿಗೂ ಒಂದು ಮೋಟಾರ್ ಸೈಕಲಿಗೂ ಡಿಕ್ಕಿಯಾಯಿತು. ಕಾರು ರಸ್ತೆ ಪಕ್ಕದಲ್ಲಿದ್ದ, ನೀರು ತುಂಬಿದ ಸಣ್ಣ ಕಾಲುವೆಗೆ ಬಿತ್ತು. ಮೂವರು ಮಹಿಳೆಯರು, ಮೂವರು ಪುರುಷರು, ಒಂದು ಪುಟ್ಟ ಮಗು ಸೇರಿ ಏಳು ಮಂದಿ ಸತ್ತರು. ಮೋಟಾರ್ ಸೈಕಲಿನಲ್ಲಿದ್ದ ಇಬ್ಬರು ಗಾಯಗೊಂಡರು. ಮೂಗು ಬಾಯಿಗೆ ನೀರು ನುಗ್ಗಿ ಕಾರಿನಲ್ಲಿದ್ದವರು ಅಸುನೀಗಿದರೆಂದು ಪೊಲೀಸರು ತಿಳಿಸಿದರು.

ಮರುದಿನ ಈ ಸುದ್ದಿ ಓದಿದವರನ್ನು ತಡೆದು ನಿಲ್ಲಿಸಿದ್ದು ಈ ಕೊನೆಯ ಮಾತು. ಅದು ನದಿಯಲ್ಲ, ಅಣೆಕಟ್ಟಲ್ಲ. ಬೇಸಿಗೆಯಲ್ಲಿ ಯಾರೂ ಕಣ್ಣೆತ್ತಿ ನೋಡದ ರಸ್ತೆ ಬದಿಯ ತೋಡು. ನಾಸಿಕ್, ಓಝರ್, ದೇವಳಾಲಿ, ಸಾತ್ಪುರ, ಅಂಬಡ್ ಕಡೆಗಳಲ್ಲಿ ನೆಲೆಸಿರುವ ನಮ್ಮವರು ಸಪ್ತಶೃಂಗಿ ದೇವಿಯ ದರ್ಶನಕ್ಕೆಂದೋ ಸಾಪುತಾರಾದ ಮಳೆ ನೋಡಲೆಂದೋ ವರ್ಷಕ್ಕೆ ಒಂದೆರಡು ಸಲವಾದರೂ ಇದೇ ರಸ್ತೆಯಲ್ಲಿ ಹೋಗಿ ಬರುವವರು. ಊರಿನಿಂದ ಭಾವ-ಅಕ್ಕ ಬಂದರಂತೂ ತ್ರ್ಯಂಬಕೇಶ್ವರ, ಪಂಚವಟಿ, ಶಿರಡಿ ಆದ ಮೇಲೆ ವಣಿಯ ದೇವಿ ಆಗಲೇಬೇಕು. ಸಾಡೇತೀನ್ ಶಕ್ತಿಪೀಠಗಳಲ್ಲಿ ಅರ್ಧ ಪೀಠವೆಂದು ಹೆಸರಾದ ಸ್ಥಾನ ಅದು.

ಹಾಗಾಗಿ ದಿಂಡೋರಿಯ ಆ ರಾತ್ರಿ ನಮ್ಮವರಿಗೆ ದೂರದ ಸುದ್ದಿಯೇನಲ್ಲ. ಸಮಾರಂಭ ಮುಗಿಸಿ, ಊಟ ಮಾಡಿ, ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಮಳೆಯಲ್ಲಿ ಮಧ್ಯರಾತ್ರಿ ಮನೆ ಸೇರುವುದು ನಮ್ಮ ಸಂಘ-ಸಂಸ್ಥೆಗಳ ಸದಸ್ಯರಲ್ಲಿ ಎಷ್ಟೋ ಕುಟುಂಬಗಳಿಗೆ ಪ್ರತಿ ಮಳೆಗಾಲದ ರೂಢಿ.

ಮಳೆ ನಮಗೆ ಹೊಸತಲ್ಲ ಎನ್ನುವವರು

ಕರಾವಳಿಯಿಂದ ಬಂದವರಿಗೆ ಒಂದು ಹೆಮ್ಮೆ ಇದೆ. ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುತ್ತದೆ, ನಾಸಿಕ್ ನಗರಕ್ಕೆ ಬೀಳುವುದು ಸಾವಿರಕ್ಕೂ ಕಡಿಮೆ. ಆಗುಂಬೆ, ಚಾರ್ಮಾಡಿ ಘಾಟಿಯಲ್ಲಿ ಗಾಡಿ ಓಡಿಸಿದವನಿಗೆ ಇದೇನು ಮಹಾ ಮಳೆ ಎಂಬ ಮಾತು ಹೋಟೆಲಿನ ಗಲ್ಲಾದ ಹತ್ತಿರವೂ, ಟೌನ್‌ಶಿಪ್ಪಿನ ಕ್ವಾರ್ಟರ್ಸ್‌ನಲ್ಲೂ ಕೇಳಿಬರುತ್ತದೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಎಚ್‌ಎಎಲ್ 1964ರಲ್ಲಿ ಮಿಗ್ ವಿಮಾನಗಳಿಗಾಗಿ ಓಝರ್‌ನಲ್ಲಿ ಕಾರ್ಖಾನೆ ತೆರೆದಂದಿನಿಂದ ವರ್ಗವಾಗಿ ಬಂದವರಲ್ಲಿ ಬಯಲುಸೀಮೆಯವರೂ ಇದ್ದಾರೆ. ಅವರ ಲೆಕ್ಕ ಇನ್ನೊಂದು ಬಗೆಯದು: ಇಲ್ಲಿ ಮಳೆಯೇ ಇಲ್ಲವಲ್ಲ, ರಸ್ತೆಗೇನಾಗುತ್ತದೆ?

ಎರಡು ಲೆಕ್ಕವೂ ತಪ್ಪುವುದು ನೆಲದ ವಿಚಾರದಲ್ಲಿ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ಹರಿದು ಸಮುದ್ರ ಸೇರುತ್ತದೆ. ದಿಂಡೋರಿ, ನಿಫಾಡ್ ಕಡೆಯದು ಕಪ್ಪು ಎರೆ ಮಣ್ಣು. ಒಣಗಿದಾಗ ಬಿರುಕು ಬಿಡುವ ಇದು ನೆನೆದರೆ ಬೆಣ್ಣೆಯಂತಾಗುತ್ತದೆ. ದ್ರಾಕ್ಷಿ ತೋಟದಿಂದ, ಟೊಮೆಟೊ ಹೊಲದಿಂದ ರಸ್ತೆಗೆ ಹತ್ತುವ ಟ್ರ್ಯಾಕ್ಟರುಗಳು ತಮ್ಮ ಚಕ್ರಕ್ಕೆ ಅಂಟಿದ ಆ ಮಣ್ಣನ್ನು ಡಾಂಬರಿನ ಮೇಲೆ ಬಳಿದು ಹೋಗುತ್ತವೆ. ಅದರ ಮೇಲೆ ಎರಡು ಹನಿ ಬಿದ್ದರೆ ಸಾಕು, ಸ್ಕೂಟರ್‌ನವರು ಬ್ರೇಕ್ ಒತ್ತಿದಲ್ಲಿಯೇ ಮಲಗುತ್ತಾರೆ. ಜೋರು ಮಳೆಗಿಂತ ಇಂಥ ತುಂತುರೇ ಹೆಚ್ಚು ಮೋಸ. ಜೋರು ಮಳೆ ರಸ್ತೆಯನ್ನು ತೊಳೆದಾದರೂ ಬಿಡುತ್ತದೆ.

ಇನ್ನೊಂದು, ಇಲ್ಲಿನವರು ‘ಸೈಡ್‌ಪಟ್ಟಿ’ ಎನ್ನುವ ಡಾಂಬರಿನ ಪಕ್ಕದ ಮಣ್ಣಿನ ಅಂಚು. ಮಳೆ ಕೊರೆದು ಕೊರೆದು ಅದು ಡಾಂಬರಿಗಿಂತ ಗೇಣು ಆಳಕ್ಕೆ ಇಳಿದಿರುತ್ತದೆ. ಎದುರಿನಿಂದ ಹೈಬೀಮ್ ಹಾಕಿಕೊಂಡು ಬರುವ ಗಾಡಿಗೆ ದಾರಿ ಬಿಡಲು ಎಡಕ್ಕೆ ಸರಿದಾಗ ಎಡಗಡೆಯ ಎರಡು ಚಕ್ರ ಆ ಕೊರಕಲಿಗೆ ಇಳಿಯುತ್ತವೆ. ಆಗ ಗಾಬರಿಯಿಂದ ಸ್ಟೇರಿಂಗನ್ನು ಬಲಕ್ಕೆ ಎಳೆದರೆ ಗಾಡಿ ಒಮ್ಮೆಲೇ ರಸ್ತೆಗೆ ಜಿಗಿದು ಎದುರಿನ ವಾಹನದ ಮುಂದೆ ನಿಲ್ಲುತ್ತದೆ, ಇಲ್ಲವೇ ಮಗುಚುತ್ತದೆ. ಅನುಭವಿ ಚಾಲಕರು ಹಾಗೆ ಎಳೆಯುವುದಿಲ್ಲ. ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ನೇರ ಹಿಡಿದು, ವೇಗ ತಗ್ಗಿದ ಮೇಲೆ ಮೆಲ್ಲನೆ ಮೇಲೆ ಹತ್ತುತ್ತಾರೆ. ಡ್ರೈವಿಂಗ್ ಸ್ಕೂಲಿನಲ್ಲಿ ಇದನ್ನು ಕಲಿಸುವವರು ಕಡಿಮೆ.

ಇಲ್ಲಿ ಮಳೆಯಿಲ್ಲ, ಆದರೆ ನೀರು ಬಂತು

ನಾಸಿಕ್‌ನ ಪಂಚವಟಿ ಬಿಟ್ಟು ಮ್ಹಸರೂಳ್, ಢಕಾಂಬೆ ದಾಟಿ ಸುಮಾರು 25 ಕಿ.ಮೀ. ಹೋದರೆ ದಿಂಡೋರಿ. ಅಲ್ಲಿಂದ ಮುಂದೆ ವಣಿ, ನಾಂದೂರಿ, ಸಪ್ತಶೃಂಗಿ ಗಡ. ನಕ್ಷೆಯಲ್ಲಿ ದಿಂಡೋರಿ ತಾಲೂಕನ್ನು ನೋಡಿದರೆ ಅಣೆಕಟ್ಟುಗಳ ಸಾಲೇ ಕಾಣುತ್ತದೆ: ಕರಂಜವಣ್, ವಾಘಾಡ್, ಪುಣೇಗಾಂವ್, ಓಝರ್‌ಖೇಡ್, ತಿಸ್‌ಗಾಂವ್, ಪಾಲ್‌ಖೇಡ್. ದ್ರಾಕ್ಷಿಗೂ ವೈನಿಗೂ ಈ ತಾಲೂಕು ಹೆಸರಾಗಿದ್ದು ಇವುಗಳ ನೀರಿನಿಂದಲೇ. ಈ ನೀರೆಲ್ಲ ಕಾದವಾ ನದಿಯ ಮೂಲಕ ನಾಂದೂರ್ ಮಧ್ಯಮೇಶ್ವರದ ಬಳಿ ಗೋದಾವರಿ ಸೇರುತ್ತದೆ.

ಮಳೆ ಬೀಳುವುದು ಪಶ್ಚಿಮದ ಪೇಠ್, ಸುರ್ಗಾಣಾ ಕಡೆಯ ಗುಡ್ಡಗಳಲ್ಲಿ. ನೀರು ಏರುವುದು ಪೂರ್ವದ ಬಯಲಿನಲ್ಲಿ. ದಿಂಡೋರಿ ಪೇಟೆಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹಳ್ಳ ತುಂಬಿ ತಗ್ಗಿನ ಸೇತುವೆಯ ಮೇಲೆ ಕೆಂಪು ನೀರು ಓಡುತ್ತಿರಬಹುದು. ನಾಸಿಕ್ ನಗರದವರಿಗೆ ಇದು ಗೊತ್ತಿರುವ ಸಂಗತಿ. ಊರಲ್ಲಿ ಸಣ್ಣ ಮಳೆಯಾಗುತ್ತಿದ್ದರೂ ತ್ರ್ಯಂಬಕದ ಮೇಲೆ ಸುರಿದ ನೀರು ಗಂಗಾಪುರ ಅಣೆಕಟ್ಟಿನಿಂದ ಬಿಟ್ಟಾಗ ಗೋದಾಘಾಟಿನಲ್ಲಿ ದುತೋಂಡ್ಯಾ ಮಾರುತಿಯ ಮೊಣಕಾಲಿಗೆ ಬಂತೋ, ಎದೆಗೆ ಬಂತೋ ಎಂದು ಜನ ನೋಡಲು ಹೋಗುತ್ತಾರೆ. ಮಾರುತಿಯ ಮೈಯೇ ಅಲ್ಲಿನ ಅಳತೆಗೋಲು. ದಿಂಡೋರಿಯ ಒಳರಸ್ತೆಯ ತಗ್ಗು ಸೇತುವೆಗಳಲ್ಲಿ ಅಂಥ ಮಾರುತಿ ಇಲ್ಲ.

ಇಲ್ಲಿ ಕನ್ನಡಿಗರಿಗೆ ಮಾತ್ರ ಇರುವ ಒಂದು ತೊಡಕನ್ನು ಹೇಳಲೇಬೇಕು. ಮರಾಠಿ ಲಿಪಿ ಓದಲು ಬರುತ್ತದೆ, ಅರ್ಧ ಶಬ್ದಗಳು ನಮ್ಮವೇ ಅನಿಸುತ್ತವೆ, ಅಲ್ಲಿಯೇ ಮೋಸ. ಮಳೆಗಾಲದಲ್ಲಿ ಪತ್ರಿಕೆಯಲ್ಲೋ, ಟಿವಿಯ ಪಟ್ಟಿಯಲ್ಲೋ, ವಾಟ್ಸ್‌ಆ್ಯಪ್‌ನಲ್ಲೋ ಬರುವ ಎರಡು ಶಬ್ದ: ‘ಪೂಲ್ ಪಾಣ್ಯಾಖಾಲಿ’. ಹೊಸದಾಗಿ ಬಂದ ಕನ್ನಡಿಗನ ಕಿವಿಗೆ ಇದು ‘ಸೇತುವೆ ನೀರಿಲ್ಲದೆ ಖಾಲಿಯಾಗಿದೆ, ಹೋಗಬಹುದು’ ಎಂದು ಕೇಳುತ್ತದೆ. ಮರಾಠಿಯಲ್ಲಿ ‘ಖಾಲಿ’ ಎಂದರೆ ಕೆಳಗೆ. ಸೇತುವೆ ನೀರಿನ ಕೆಳಗೆ ಮುಳುಗಿದೆ ಎಂಬುದು ಅದರ ಅರ್ಥ. ಒಂದೇ ಶಬ್ದ, ಅರ್ಥ ತಲೆಕೆಳಗು.

ಹಾಗೆಯೇ ‘ಧರಣಾತೂನ್ ವಿಸರ್ಗ’. ನಮಗೆ ವಿಸರ್ಗವೆಂದರೆ ಶಾಲೆಯಲ್ಲಿ ಕಲಿತ ಎರಡು ಸೊನ್ನೆ. ಇಲ್ಲಿ ಅದು ಅಣೆಕಟ್ಟಿನಿಂದ ಹೊರಬಿಟ್ಟ ನೀರು. ವಿಸರ್ಗ ಇಷ್ಟು ಸಾವಿರ ಕ್ಯುಸೆಕ್ ಎಂದು ಓದಿದ ದಿನ ಕಾದವಾ, ಗೋದಾವರಿ ದಡದ ತಗ್ಗು ದಾರಿಗಳನ್ನು ಬಿಟ್ಟು ಎತ್ತರದ ಹೆದ್ದಾರಿಯಲ್ಲಿ ಸುತ್ತಿ ಹೋಗುವುದೇ ಲೇಸು. ಬೆಳಗಾವಿ, ಧಾರವಾಡ ಕಡೆಯವರಿಗೆ ‘ಉತಾರ’ ಎಂದರೆ ಹೊಲದ ಪಹಣಿ; ಘಾಟಿನಲ್ಲಿ ‘ತೀವ್ರ ಉತಾರ’ ಎಂದು ಬರೆದಿದ್ದರೆ ಕಡಿದಾದ ಇಳಿಜಾರು. ‘ಅವಘಡ ವಳಣ’ ಎಂದರೆ ಕಷ್ಟದ ತಿರುವು. ಕನ್ನಡದ ಅರ್ಥದಲ್ಲಿ ಓದಿಕೊಂಡರೂ ಇಲ್ಲಿ ನಷ್ಟವೇನಿಲ್ಲ, ಒಂದಷ್ಟು ಹೆಚ್ಚೇ ಹೆದರಿಕೆಯಾಗುತ್ತದೆ, ಆಗಲಿ. ‘ದರಡ’ ಎಂದರೆ ಕುಸಿಯುವ ಗುಡ್ಡ. ಮಳೆ ಹಿಡಿದಿರುವಾಗ ‘ದರಡ ಪ್ರವಣ ಕ್ಷೇತ್ರ’ ಎಂಬ ಫಲಕದ ಕೆಳಗೆ ಚಹಾ ಕುಡಿಯಲೋ ಫೋಟೋ ತೆಗೆಯಲೋ ಗಾಡಿ ನಿಲ್ಲಿಸುವ ನಮ್ಮವರಿದ್ದಾರೆ.

ಹವಾಮಾನ ಇಲಾಖೆಯ ಯೆಲ್ಲೋ, ಆರೆಂಜ್, ರೆಡ್ ಎಚ್ಚರಿಕೆಗಳನ್ನು ಓದುವಾಗಲೂ ಒಂದು ಕಿವಿಮಾತು. ನಾಸಿಕ್ ಜಿಲ್ಲೆಗೂ ನಾಸಿಕ್ ಘಾಟಿಗೂ ಮುನ್ಸೂಚನೆ ಬೇರೆ ಬೇರೆ ಬರುತ್ತದೆ. ಯೇವಲೆ, ಮಾಲೇಗಾಂವ್ ಒಣಗಿರುವ ದಿನವೇ ಇಗತ್ಪುರಿ, ತ್ರ್ಯಂಬಕದಲ್ಲಿ ಕೊಡೆ ಹಿಡಿದು ನಿಲ್ಲಲಾಗದಷ್ಟು ಮಳೆ ಇರುತ್ತದೆ. ವಣಿಗೆ ಹೋಗುವವರು ನೋಡಬೇಕಾದದ್ದು ಘಾಟಿಯ ಮುನ್ಸೂಚನೆಯನ್ನು.

ಕಾರು ದೋಣಿಯಲ್ಲ

ನೀರಿನಲ್ಲಿ ಕಾರು ಎಷ್ಟು ಬೇಗ ಸೋಲುತ್ತದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಅರ್ಧ ಅಡಿ ನೀರು ಹೆಚ್ಚಿನ ಕಾರುಗಳ ತಳ ಮುಟ್ಟುತ್ತದೆ. ಒಂದು ಅಡಿ ನೀರಿನಲ್ಲಿ ಎಷ್ಟೋ ಚಿಕ್ಕ ಕಾರುಗಳು ತೇಲತೊಡಗುತ್ತವೆ. ಎರಡು ಅಡಿ ಹರಿಯುವ ನೀರು ಜೀಪಿನಂಥ ದೊಡ್ಡ ಗಾಡಿಯನ್ನೂ ಸೆಳೆದೊಯ್ಯಬಲ್ಲದು. ಕೆಂಪು ನೀರಿನ ಕೆಳಗೆ ಡಾಂಬರು ಇನ್ನೂ ಉಳಿದಿದೆಯೋ ಕೊಚ್ಚಿಹೋಗಿದೆಯೋ ಸ್ಟೇರಿಂಗ್ ಹಿಂದೆ ಕೂತವನಿಗೆ ಕಾಣುವುದಿಲ್ಲ. ಮುಂದಿನ ಬಸ್ಸು ಹೋಯಿತು, ಲಾರಿ ಹೋಯಿತು, ನಾವೂ ಹೋಗೋಣ ಎಂಬುದು ಸರಿಯಾದ ಲೆಕ್ಕವಲ್ಲ. ಬಸ್ಸಿನ ತೂಕ ಬೇರೆ, ಚಕ್ರದ ಎತ್ತರ ಬೇರೆ.

ಮುಂಬಯಿಯ ಹಿರಿಯ ಸದಸ್ಯರಿಗೆ 2005ರ ಜುಲೈ 26 ಮರೆಯುವಂಥದಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದ ಆ ದಿನ ನೀರಿನಲ್ಲಿ ಸಿಕ್ಕಿಕೊಂಡ ಕಾರುಗಳೊಳಗೇ ಉಸಿರುಗಟ್ಟಿ ಸತ್ತವರಿದ್ದರು. ಬಾಗಿಲು ತೆರೆಯಲಿಲ್ಲ, ಕಿಟಕಿ ಇಳಿಯಲಿಲ್ಲ. ಆಮೇಲೆ ಕೆಲ ವರ್ಷ ಮುಂಬಯಿಯ ಎಷ್ಟೋ ಕಾರುಗಳಲ್ಲಿ ಸಣ್ಣ ಸುತ್ತಿಗೆಯೊಂದು ಇರುತ್ತಿತ್ತು. ಕಾರು ಬದಲಾಯಿತು, ಸುತ್ತಿಗೆ ಹಳೆಯ ಕಾರಿನ ಜೊತೆ ಹೋಯಿತು. ಬೆಂಗಳೂರಿನಲ್ಲೂ 2023ರ ಮೇ 21ರಂದು ಕೆ.ಆರ್. ಸರ್ಕಲ್‌ನ ಅಂಡರ್‌ಪಾಸಿನಲ್ಲಿ ನಿಂತ ಮಳೆ ನೀರಿಗೆ ಇಳಿದ ಬಾಡಿಗೆ ಕಾರಿನಲ್ಲಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ವಿಧಾನಸೌಧದಿಂದ ಕೂಗಳತೆಯ ಜಾಗ ಅದು.

ಕೆನಡಾದ ಮನಿಟೋಬ ವಿಶ್ವವಿದ್ಯಾಲಯದ ಪ್ರೊಫೆಸರ್ ಗೋರ್ಡನ್ ಗೀಸ್‌ಬ್ರೆಕ್ಟ್ ಕಾರುಗಳನ್ನು ನಿಜವಾಗಿಯೇ ನೀರಿಗಿಳಿಸಿ ಪರೀಕ್ಷಿಸಿದವರು. ನೀರಿಗೆ ಬಿದ್ದ ಕಾರು ತಕ್ಷಣ ಮುಳುಗುವುದಿಲ್ಲ, ಅರ್ಧ ನಿಮಿಷದಿಂದ ಎರಡು ನಿಮಿಷದಷ್ಟು ತೇಲುತ್ತದೆ. ಬದುಕುವ ಸಮಯ ಅದೇ. ಆ ಹೊತ್ತಿನಲ್ಲಿ ಬಾಗಿಲು ತಳ್ಳುತ್ತಾ ಕೂರಬಾರದು. ಹೊರಗಿನ ನೀರಿನ ಒತ್ತಡಕ್ಕೆ ಅದು ತೆರೆಯುವುದಿಲ್ಲ, ತೆರೆದರೂ ನೀರು ನುಗ್ಗಿ ಕಾರು ಬೇಗ ಮುಳುಗುತ್ತದೆ. ಫೋನ್ ಮಾಡುತ್ತಲೂ ಕೂರಬಾರದು. ಸೀಟ್ ಬೆಲ್ಟ್ ಬಿಚ್ಚಬೇಕು, ಕಿಟಕಿ ಇಳಿಸಬೇಕು, ಮಕ್ಕಳನ್ನು ಮೊದಲು ಹೊರಗೆ ತಳ್ಳಬೇಕು, ತಾವೂ ಕಿಟಕಿಯಿಂದಲೇ ಹೊರಬರಬೇಕು. ಪವರ್ ವಿಂಡೋ ಮೊದಲ ಕೆಲವು ಕ್ಷಣ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಮಾಡದಿದ್ದರೆ ಬದಿಯ ಗಾಜನ್ನು ಒಡೆಯಬೇಕು. ಹೊಡೆತ ಗಾಜಿನ ನಡುವೆ ಅಲ್ಲ, ಮೂಲೆಗೆ. ಮುಂದಿನ ದೊಡ್ಡ ಗಾಜು ಪದರದ ಗಾಜಾದ್ದರಿಂದ ಬಿರುಕು ಬಿಟ್ಟರೂ ಒಡೆದು ದಾರಿ ಕೊಡುವುದಿಲ್ಲ. ಇತ್ತೀಚಿನ ಕೆಲವು ದುಬಾರಿ ಕಾರುಗಳಲ್ಲಿ ಬದಿಯ ಗಾಜೂ ಅಂಥದೇ ಇರುತ್ತದೆ. ಕೊಳ್ಳುವಾಗ ಕೇಳಿ ತಿಳಿದುಕೊಳ್ಳಬೇಕು. ಸುತ್ತಿಗೆ ಇಲ್ಲದಿದ್ದರೆ ಸೀಟಿನ ತಲೆದಿಂಬನ್ನು ಕಿತ್ತು ಅದರ ಕಬ್ಬಿಣದ ಕಡ್ಡಿಯನ್ನು ಗಾಜಿನ ಅಂಚಿನ ಸಂದಿಗೆ ತೂರಿಸಿ ಮೀಟಬಹುದು. ಆದರೆ ತಲೆದಿಂಬು ಹೇಗೆ ಬಿಚ್ಚುತ್ತದೆಂದು ಮನೆಯ ಮುಂದೆ ಒಮ್ಮೆ ನೋಡಿಕೊಳ್ಳದವರಿಗೆ ಕತ್ತಲೆಯಲ್ಲಿ, ನೀರಿನಲ್ಲಿ ಅದು ಬರುವುದಿಲ್ಲ.

ಮಗುಚಿ ಬಿದ್ದ ಕಾರಿನಲ್ಲಿ ಈ ನಿಮಿಷಗಳ ಲೆಕ್ಕವೂ ಸಿಗುವುದಿಲ್ಲ. ಹೊಡೆತ ತಿಂದವರಿಗೆ ಪ್ರಜ್ಞೆ ಇರುವುದಿಲ್ಲ. ಆಗ ಉಳಿಸಬಲ್ಲವರು ಹೊರಗಿನಿಂದ ಬಂದು ಗಾಜು ಒಡೆಯುವವರು ಮಾತ್ರ. ರಾತ್ರಿ ಹತ್ತು ಗಂಟೆಗೆ ಅಂಥವರು ರಸ್ತೆಯಲ್ಲಿ ಇರುತ್ತಾರೆ, ಹನ್ನೆರಡಕ್ಕೆ ಇರುವುದಿಲ್ಲ.

ಗಡದ ಮೇಲೆ ಮಂಜು

ನಾಂದೂರಿಯಿಂದ ಸಪ್ತಶೃಂಗಿ ಗಡಕ್ಕೆ ಹತ್ತುವ ಘಾಟಿಯ ಕಥೆ ಬೇರೆ. 2008ರ ಜನವರಿಯಲ್ಲಿ ಈ ಘಾಟಿಯಲ್ಲಿ ಬಸ್ಸು ಕಣಿವೆಗೆ ಉರುಳಿ ನಲವತ್ತಕ್ಕೂ ಹೆಚ್ಚು ಭಕ್ತರು ತೀರಿಕೊಂಡಿದ್ದರು. 2023ರ ಜುಲೈ 12ರ ಬೆಳಿಗ್ಗೆ ಗಡದಿಂದ ಖಾಮ್‌ಗಾಂವ್‌ಗೆ ಹೊರಟ ಎಸ್‌ಟಿ ಬಸ್ಸು ಉರುಳಿ ಒಬ್ಬ ಮಹಿಳೆ ಮೃತಪಟ್ಟರು, ಅನೇಕರು ಗಾಯಗೊಂಡರು. ಮಳೆಗಾಲದಲ್ಲಿ ಇಲ್ಲಿ ಮಂಜು ಇಳಿದರೆ ಬಾನೆಟ್ಟಿನ ತುದಿಯೂ ಮಸುಕು. ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಬರುತ್ತದೆ, ಲೋಬೀಮೇ ಸರಿ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವ ಚಾಳಿಯೂ ಒಳ್ಳೆಯದಲ್ಲ. ಗಾಡಿ ನಿಂತಿದೆಯೋ, ಎಡಕ್ಕೆ ತಿರುಗುತ್ತಿದೆಯೋ ಹಿಂದಿನವನಿಗೆ ತಿಳಿಯುವುದಿಲ್ಲ. ಅದು ನಿಂತ ಗಾಡಿಯ ದೀಪ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಲಾರಿ ಡ್ರೈವರುಗಳ ನಿಯಮ ಇಲ್ಲಿ ಇಂದಿಗೂ ಸತ್ಯ. ವಯಸ್ಸಾದವರಿಗೆ ಮೆಟ್ಟಿಲು ಹತ್ತುವ ಕಷ್ಟ 2018ರಲ್ಲಿ ಫ್ಯುನಿಕ್ಯುಲರ್ ಟ್ರಾಲಿ ಬಂದ ಮೇಲೆ ತಪ್ಪಿತು. ಗಡದವರೆಗಿನ ಘಾಟಿಯ ಕಷ್ಟ ತಪ್ಪಲಿಲ್ಲ.

ಆಗಸ್ಟ್ ಬಂತೆಂದರೆ ಟೊಮೆಟೊ ಸುಗ್ಗಿಯೂ ಶುರುವಾಗುತ್ತದೆ. ಸಂಜೆಯ ಹೊತ್ತಿಗೆ ಪಿಂಪಳಗಾಂವ್ ಬಸವಂತದ ಮಾರುಕಟ್ಟೆಗೆ ಕ್ರೇಟುಗಳನ್ನು ಎತ್ತರಕ್ಕೆ ಪೇರಿಸಿಕೊಂಡ ಪಿಕಪ್ ಗಾಡಿಗಳು ಹರಾಜಿನ ಸಮಯ ತಪ್ಪಬಾರದೆಂದು ಹಾರಿಕೊಂಡು ಬರುತ್ತವೆ. ಅವರ ಅವಸರಕ್ಕೆ ಕಾರಣವಿದೆ. ದರ್ಶನ ಮುಗಿಸಿ ಬರುವವರಿಗೆ ಅವರೊಡನೆ ಪೈಪೋಟಿಯ ಅಗತ್ಯವಿಲ್ಲ.

ಊರ ದಾರಿ, ಸಂಭಾಜಿನಗರದ ದಾರಿ

ಮುಂಬಯಿ-ಗೋವಾ ಹೆದ್ದಾರಿಯಲ್ಲಿ ಊರಿಗೆ ಹೋಗಿಬರುವ ಬಂಧುಗಳಿಗೆ ಸಾವಿತ್ರಿ ನದಿಯ ಹೆಸರು ಹೇಳಿದರೆ ಸಾಕು. 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಬಳಿ 1928ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಯಿತು. ಎರಡು ಎಸ್‌ಟಿ ಬಸ್ಸು, ಒಂದು ಜೀಪು ಕತ್ತಲಲ್ಲಿ ಸೇತುವೆ ಇದೆಯೆಂದೇ ನಂಬಿ ನದಿಗೆ ಹೋದವು. ಹೊಸ ಸೇತುವೆಯನ್ನು 165 ದಿನಗಳಲ್ಲಿ ಕಟ್ಟಿ 2017ರ ಜೂನ್‌ನಲ್ಲಿ ತೆರೆಯಲಾಯಿತು. ಮುಂದೆ 2024ರ ಜುಲೈ 16ರಂದು, ದಿಂಡೋರಿಯ ದುರಂತಕ್ಕೆ ಸರಿಯಾಗಿ ಒಂದು ವರ್ಷ ಮೊದಲು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಕೇರಳದ ಲಾರಿಯೊಂದನ್ನು ನದಿಯಿಂದ ಎತ್ತಲು ಎಪ್ಪತ್ತಕ್ಕೂ ಹೆಚ್ಚು ದಿನ ಬೇಕಾಯಿತು.

ಇತ್ತ ಛತ್ರಪತಿ ಸಂಭಾಜಿನಗರದ ವಾಳೂಜ್ ಕಡೆಯ ನಮ್ಮವರು ಈಗ ಸಮೃದ್ಧಿ ಮಹಾಮಾರ್ಗ ಹಿಡಿದು ಬರುತ್ತಾರೆ. 2025ರ ಜೂನ್‌ನಲ್ಲಿ ಇಗತ್ಪುರಿಯಿಂದ ಆಮನೆವರೆಗಿನ ಕೊನೆಯ ಭಾಗ ತೆರೆದು 701 ಕಿ.ಮೀ. ಪೂರ್ತಿಯಾದ ಮೇಲೆ ಕಸಾರಾ ಘಾಟಿಯ ಗೊಡವೆಯೂ ಸುರಂಗದಲ್ಲಿ ತಪ್ಪಿತು. ಆದರೆ ನೇರವಾದ ಕಾಂಕ್ರೀಟ್ ರಸ್ತೆಯಲ್ಲಿ ನೂರರ ಮೇಲೆ ಓಡುವಾಗ ಸವೆದ ಟಯರು ನೀರಿನ ಪದರದ ಮೇಲೆ ತೇಲಿಬಿಡುತ್ತದೆ; ಬ್ರೇಕ್ ಒತ್ತಿದರೂ ಸ್ಟೇರಿಂಗ್ ತಿರುಗಿಸಿದರೂ ಗಾಡಿಗೆ ಕೇಳಿಸುವುದಿಲ್ಲ. ಟಯರಿನ ಗೆರೆ 1.6 ಮಿ.ಮೀ.ಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರ ಬದಲಿಸಲೇಬೇಕು. ಮಳೆಗೆ ಅದಕ್ಕೂ ಮೊದಲೇ ಬದಲಿಸುವುದು ಮೇಲು. ಮಗಳ ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡುವವರು ಟಯರಿನ ವಿಷಯದಲ್ಲಿ ‘ಇನ್ನೊಂದು ಮಳೆಗಾಲ ನಡೆಯುತ್ತದೆ ಬಿಡಿ’ ಎನ್ನುವುದು ನಮ್ಮಲ್ಲಿ ಸಾಮಾನ್ಯ.

ಅಪಘಾತವಾದರೆ

ಪರವೂರಿನಲ್ಲಿ ಅಪಘಾತವಾದಾಗ ಭಾಷೆಯೇ ಮೊದಲ ಹೆದರಿಕೆ. ಕೆಎ ನಂಬರಿನ ಗಾಡಿಯಾದರೆ ಇನ್ನೂ ಸ್ವಲ್ಪ ಹೆಚ್ಚು. 112ಕ್ಕೆ ಕರೆ ಮಾಡಿದರೆ ಪೊಲೀಸರು, 108ಕ್ಕೆ ಆಂಬ್ಯುಲೆನ್ಸ್. ಹಿಂದಿಯಲ್ಲಿ ಮಾತನಾಡಿದರೂ ಸಾಕು, ಆದರೆ ಯಾವ ಗಾಂವ್, ಯಾವ ಫಾಟಾ ಎಂದು ಹೇಳಲು ಗೊತ್ತಿರಬೇಕು. ಮುಖ್ಯರಸ್ತೆಯಿಂದ ಹಳ್ಳಿಗೆ ಕವಲೊಡೆಯುವ ಜಾಗಕ್ಕೆ ಇಲ್ಲಿ ಫಾಟಾ ಎನ್ನುತ್ತಾರೆ. ಆಕ್ರಾಳೆ ಫಾಟಾ, ಲಖಮಾಪುರ ಫಾಟಾ ಹೀಗೆ. ದಾರಿಯಲ್ಲಿ ದಾಟಿದ ಕೊನೆಯ ಫಾಟಾದ ಹೆಸರು ನೆನಪಿಟ್ಟುಕೊಂಡರೆ ಆಂಬ್ಯುಲೆನ್ಸಿಗೆ ಹತ್ತು ನಿಮಿಷ ಉಳಿಯುತ್ತದೆ.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸ್ ಕೇಸಿನಲ್ಲಿ ಸಿಕ್ಕಿಸುವಂತಿಲ್ಲ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯಲ್ಲೇ ಅವರಿಗೆ ರಕ್ಷಣೆ ಇದೆ. 2025ರ ಮೇಯಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನೋಂದಾಯಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂ.ವರೆಗಿನ ಚಿಕಿತ್ಸೆಗೆ ಹಣ ಕಟ್ಟಬೇಕಾಗಿಲ್ಲ. ರಸ್ತೆ ಗುಂಡಿ ಅಥವಾ ತೆರೆದ ಮ್ಯಾನ್‌ಹೋಲ್‌ನಿಂದ ಸಾವಾದರೆ 6 ಲಕ್ಷ ರೂ., ಗಾಯವಾದರೆ ಪೆಟ್ಟಿಗೆ ತಕ್ಕಂತೆ 50 ಸಾವಿರದಿಂದ 2.5 ಲಕ್ಷ ರೂ. ಪರಿಹಾರ ಕೊಡಬೇಕೆಂದು ಮುಂಬಯಿ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಇದಕ್ಕೆಲ್ಲ ಸ್ಥಳದ ಪಂಚನಾಮೆ, ಫೋಟೋ ಬೇಕು. ಪಂಚನಾಮೆ ಎಂಬ ಶಬ್ದಕ್ಕಾದರೂ ಎರಡೂ ಭಾಷೆಯಲ್ಲಿ ಒಂದೇ ಅರ್ಥ.

ನೀರಿನಲ್ಲಿ ಬಂದ್ ಬಿದ್ದ ಎಂಜಿನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬಾರದು. ಒಳಗೆ ನೀರು ಹೊಕ್ಕರೆ ಎಂಜಿನಿನ ಒಳಭಾಗಗಳೇ ಬಾಗುತ್ತವೆ, ಸಾಮಾನ್ಯ ವಿಮಾ ಪಾಲಿಸಿಯಲ್ಲಿ ಆ ನಷ್ಟ ಸಾಮಾನ್ಯವಾಗಿ ಬರುವುದಿಲ್ಲ. ಎಂಜಿನ್ ರಕ್ಷಣೆಯ ಪೂರಕ ವಿಮೆಯನ್ನು ಬೇರೆಯಾಗಿ ಮಾಡಿಸಿರಬೇಕು. ಹೊರಗೆ ಇಳಿದು ತಳ್ಳುವುದು, ಇಲ್ಲವೇ ಬಿಟ್ಟು ದಡ ಸೇರುವುದು.

ಸಂಘದ ಕಾರ್ಯಕ್ರಮದ ದಿನ

ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನ ಕಲಾವಿದರು ಮುಂಬಯಿ ಕಡೆಗೆ ಬರುವುದು ಮಳೆಗಾಲದಲ್ಲಿ. ಆಟಿಯ ಕೂಟ, ವಿದ್ಯಾರ್ಥಿಗಳಿಗೆ ಪುರಸ್ಕಾರ, ಅಷ್ಟಮಿಯ ಮೊಸರುಕುಡಿಕೆ, ಸ್ವಾತಂತ್ರ್ಯ ದಿನ, ಚೌತಿ ಎಲ್ಲವೂ ಜುಲೈಯಿಂದ ಸೆಪ್ಟೆಂಬರ್ ಒಳಗೆ. ನಮ್ಮ ಸಂಘ-ಸಂಸ್ಥೆಗಳ ಅತಿ ಹೆಚ್ಚು ಕಾರ್ಯಕ್ರಮಗಳು ರಸ್ತೆ ಅತಿ ಕೆಟ್ಟಿರುವ ತಿಂಗಳುಗಳಲ್ಲೇ ಬರುತ್ತವೆ. ದಿನ ಬದಲಿಸಲಾಗದು, ಆಟಿಯನ್ನು ಫೆಬ್ರವರಿಯಲ್ಲಿ ಆಚರಿಸಲು ಬರುವುದಿಲ್ಲ. ಗಂಟೆ ಬದಲಿಸಬಹುದು.

ಆಮಂತ್ರಣ ಪತ್ರಿಕೆಯಲ್ಲಿ ‘ಸಂಜೆ 5ಕ್ಕೆ ಸರಿಯಾಗಿ’ ಎಂದಿರುತ್ತದೆ. ಆರೂವರೆಗೆ ದೀಪ ಬೆಳಗುತ್ತದೆ. ಸ್ವಾಗತ, ಪ್ರಾಸ್ತಾವಿಕ, ಏಳು ಮಂದಿ ಅತಿಥಿಗಳಿಗೆ ಶಾಲು, ಫಲಪುಷ್ಪ, ಸ್ಮರಣಿಕೆ, ಏಳು ಭಾಷಣ. ಮಕ್ಕಳ ನೃತ್ಯ ಶುರುವಾಗುವುದು ಒಂಬತ್ತಕ್ಕೆ, ಊಟ ಹತ್ತೂವರೆಗೆ. ‘ಊಟ ಮಾಡದೆ ಹೋಗಬಾರದು ಭಾವ’ ಎಂಬ ಪ್ರೀತಿಯ ಒತ್ತಾಯ ಬೇರೆ. ದೂರದಿಂದ ಬಂದವರು ಹೊರಡುವುದು ಕೊನೆಗೆ, ಅದೂ ಹೊಟ್ಟೆ ತುಂಬಿ ಕಣ್ಣು ಎಳೆಯುವ ಹೊತ್ತಿಗೆ.

ಮಧ್ಯಾಹ್ನ ಎರಡಕ್ಕೆ ಆರಂಭಿಸಿ ಏಳಕ್ಕೆ ಊಟ ಬಡಿಸಿದರೆ ಯಾರ ಗೌರವಕ್ಕೂ ಕುಂದಿಲ್ಲ. ಒಂದೇ ದಾರಿಯಲ್ಲಿ ಹೋಗುವ ಎರಡು ಮೂರು ಕಾರುಗಳು ಜೊತೆಯಾಗಿ ಹೊರಡುವಂತೆ ಕಾರ್ಯದರ್ಶಿಗಳು ಪಟ್ಟಿ ಮಾಡಬಹುದು. ಒಂದು ಕಾರು ತೋಡಿಗೆ ಇಳಿದರೆ ಗಾಜು ಒಡೆಯಲು ಹಿಂದಿನ ಕಾರಿನಲ್ಲಿ ಜನ ಇರುತ್ತಾರೆ. ಮನೆ ಮುಟ್ಟಿದವರು ಗ್ರೂಪಿನಲ್ಲಿ ‘ತಲುಪಿದೆವು’ ಎಂದು ಹಾಕುವುದು, ಹಾಕದವರಿಗೆ ಯಾರಾದರೂ ಒಬ್ಬರು ಫೋನ್ ಮಾಡುವುದು. ಸ್ಮರಣಿಕೆಯಾಗಿ ಪ್ಲಾಸ್ಟಿಕ್ ಫಲಕದ ಬದಲು ಗಾಜು ಒಡೆಯುವ ಸುತ್ತಿಗೆ ಕೊಟ್ಟರೆ ಅತಿಥಿಗಳು ನಗಬಹುದು, ಆದರೆ ಕಾರಿನಲ್ಲಿಟ್ಟುಕೊಂಡು ಹೋಗುತ್ತಾರೆ. ಅತಿಥಿಗಳ ಸಂಖ್ಯೆ ಏಳರಿಂದ ಮೂರಕ್ಕೆ ಇಳಿದರಂತೂ ದಿಂಡೋರಿ, ವಣಿ ಕಡೆಗೆ ಹೋಗುವವರು ಎಂಟೂವರೆಗೆಲ್ಲ ಮ್ಹಸರೂಳ್ ದಾಟಿರುತ್ತಾರೆ. ಆಗ ರಸ್ತೆಯ ಎರಡೂ ಬದಿಯ ಅಂಗಡಿಗಳಲ್ಲಿ ಇನ್ನೂ ದೀಪ ಉರಿಯುತ್ತಿರುತ್ತದೆ.